ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಸಂಶೋಧನೆ ಹೇಳುವುದೇನು, ನಮ್ಮ ವಾರ್ಡಿನಲ್ಲಿ ಅಳೆಯುವುದು ಹೇಗೆ

ಪ್ರಶ್ನೆ: ಮೇಡಂ, ನಾನು ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 11 ವರ್ಷಗಳಿಂದ ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. 30 ಹಾಸಿಗೆಗಳ ವಾರ್ಡಿಗೆ ನೈಟ್ ಡ್ಯೂಟಿಯಲ್ಲಿ ಇಬ್ಬರೇ ಇರುತ್ತೇವೆ. ಇನ್ನೊಬ್ಬರನ್ನು ಕೊಡಿ ಎಂದು ಕೇಳಿದಾಗ, ‘ರೋಗಿ ಗುಣವಾಗುವುದು ಡಾಕ್ಟರ ಕೈಗುಣದಿಂದ, ನರ್ಸ್‌ಗಳ ಸಂಖ್ಯೆ ಹೆಚ್ಚಿದರೆ ಖರ್ಚು ಹೆಚ್ಚುತ್ತದೆಯೇ ಹೊರತು ಬೇರೇನೂ ಆಗದು’ ಎಂಬ ಉತ್ತರ ಬಂತು. ಇದು ನಿಜವೇ? ಸಂಶೋಧನೆಯ ಆಧಾರವೇನಾದರೂ ಇದೆಯೇ? ಬಿ.ಎಸ್ಸಿ. ಓದಿದವರು ನಮಗಿಂತ ಮೇಲು ಎಂಬ ಮಾತು ಸರಿಯೇ? ಡಿಪ್ಲೊಮಾ ಆದವರಿಗೆಂದೇ ಇರುವ ಪದವಿ, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಸೇರಬೇಕೆಂದಿದ್ದೇನೆ. ನಮ್ಮ ವಾರ್ಡಿನ ಸ್ಥಿತಿಯ ಮೇಲೆಯೇ ಒಂದು ಚಿಕ್ಕ ಅಧ್ಯಯನ ಮಾಡಬಹುದೇ?

ಉತ್ತರ: ಮುಖ್ಯ ಪ್ರಶ್ನೆಯ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆಯ ಆಧಾರವಿದೆ, ಮತ್ತು ಅದು ನಿಮ್ಮ ಆಡಳಿತದವರ ಮಾತಿಗೆ ತೀರಾ ವಿರುದ್ಧವಾಗಿದೆ. ಒಬ್ಬ ನರ್ಸಿನ ಪಾಲಿಗೆ ಬರುವ ರೋಗಿಗಳ ಸಂಖ್ಯೆ ಏರಿದಂತೆ ರೋಗಿಗಳು ಸಾಯುವ ಸಂಭವವೂ ಏರುತ್ತದೆ ಎಂಬುದನ್ನು ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸುತ್ತ ಬಂದಿವೆ. ರಾತ್ರಿಯಿಡೀ 30 ಹಾಸಿಗೆಗಳ ನಡುವೆ ಓಡಾಡುವ ನಿಮಗೆ ಇದು ಅಂಗೈ ಹುಣ್ಣು. ನೋಡಲು ಕನ್ನಡಿ ಬೇಕಿಲ್ಲ. ಆದರೆ ಖರ್ಚಿನ ಲೆಕ್ಕ ಹಾಕುವವರ ಮುಂದೆ ಕನ್ನಡಿ ಹಿಡಿಯಲೇಬೇಕಾಗುತ್ತದೆ. ಆದ್ದರಿಂದ ಆ ಕನ್ನಡಿಯಲ್ಲಿ ಕಾಣುವುದೆಷ್ಟು, ಕಾಣದಿರುವುದೆಷ್ಟು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಚರ್ಚೆಯಲ್ಲಿ ಎಲ್ಲರೂ ಮೊದಲು ನೆನೆಯುವುದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಐಕನ್ ನರ್ಸ್ ಆಗಿದ್ದು, ಆಮೇಲೆ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಅವರ ತಂಡ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆಗಳನ್ನೂ ಅದೇ ಆಸ್ಪತ್ರೆಗಳ 10,184 ನರ್ಸ್‌ಗಳು ತುಂಬಿಕೊಟ್ಟ ಪ್ರಶ್ನಾವಳಿಗಳನ್ನೂ ಜೋಡಿಸಿ ನೋಡಿತು. ರೋಗಿಯ ವಯಸ್ಸು, ಶಸ್ತ್ರಚಿಕಿತ್ಸೆಯ ಬಗೆ, ಮೊದಲೇ ಇದ್ದ ಕಾಯಿಲೆಗಳು, ಆಸ್ಪತ್ರೆಯ ಗಾತ್ರ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಪ್ರತಿ ನರ್ಸಿಗೆ ಸರಾಸರಿ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತಿತ್ತು. ನರ್ಸ್‌ಗಳು ದಣಿದು ಬತ್ತಿಹೋಗುವ ಸಂಭವ ಶೇ 23ರಷ್ಟು ಹೆಚ್ಚುತ್ತಿತ್ತು. ಅಲ್ಲಿ ಹೋಲಿಕೆಯಾದದ್ದು ಒಬ್ಬ ನರ್ಸಿಗೆ ನಾಲ್ಕು ರೋಗಿಗಳಿರುವ ಆಸ್ಪತ್ರೆಗಳಿಗೂ ಎಂಟು ರೋಗಿಗಳಿರುವ ಆಸ್ಪತ್ರೆಗಳಿಗೂ ಎಂಬುದನ್ನು ಗಮನಿಸಿ. ನಿಮ್ಮ ರಾತ್ರಿಪಾಳಿಯ ಹದಿನೈದು ಆ ಅಳತೆಗೋಲಿನ ಹೊರಗೇ ಇದೆ.

ಡಾಕ್ಟರ ಕೈಗುಣದ ಮಾತಿಗೆ ಬರೋಣ. ಅದೇ ಅಧ್ಯಯನ ಇನ್ನೊಂದು ವಿಷಯವನ್ನೂ ಅಳೆದಿತ್ತು. ಶಸ್ತ್ರಚಿಕಿತ್ಸೆಯ ನಂತರ ರಕ್ತಸ್ರಾವ, ನಂಜು, ನ್ಯುಮೋನಿಯಾದಂಥ ತೊಡಕುಗಳು ಎಂಥ ಒಳ್ಳೆಯ ಆಸ್ಪತ್ರೆಯಲ್ಲೂ ಉಂಟಾಗುತ್ತವೆ. ತೊಡಕು ಉಂಟಾದ ರೋಗಿಗಳಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬುದೇ ಆ ಎರಡನೆಯ ಅಳತೆ. ಅಲ್ಲಿಯೂ ಏರಿಕೆ ಶೇ 7. ತೊಡಕನ್ನು ಸರಿಪಡಿಸುವವರು ಡಾಕ್ಟರರೇ, ಸಂಶಯವಿಲ್ಲ. ಆದರೆ ಅದು ಶುರುವಾದದ್ದನ್ನು ಮೊದಲು ಕಾಣಬೇಕಾದವರು ಹಾಸಿಗೆಯ ಪಕ್ಕದಲ್ಲಿರುವವರು. ಕಲಿಸುವ ಕೆಲಸಕ್ಕೆ ಬರುವ ಮುಂಚೆ ನಾನು ಒಂಬತ್ತು ವರ್ಷ ವಾರ್ಡಿನಲ್ಲಿದ್ದೆ. ಒಂದು ರಾತ್ರಿ ಇಬ್ಬರು ನರ್ಸ್‌ಗಳ ಪಾಲಿಗೆ 34 ರೋಗಿಗಳಿದ್ದರು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದ ಒಬ್ಬ ರೈತರ ನಾಡಿ ಎರಡು ಗಂಟೆಗೆ ನೋಡಿದಾಗ 96 ಇತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ತುರ್ತು ಚಿಕಿತ್ಸಾ ವಿಭಾಗದಿಂದ ಹೊಸ ರೋಗಿಯೊಬ್ಬರು ಬಂದರು, ಇನ್ನೊಬ್ಬರ ಡ್ರಿಪ್ ಊದಿಕೊಂಡಿತು, ಮೂರನೆಯವರು ಬಾತ್‌ರೂಮಿಗೆ ಹೋಗುವಾಗ ಬಿದ್ದರು. ಮತ್ತೆ ಆ ಹಾಸಿಗೆಯ ಬಳಿಗೆ ಹೋದಾಗ ಐದು ಗಂಟೆ. ಕೈ ತಣ್ಣಗಿತ್ತು, ನಾಡಿ 130 ದಾಟಿತ್ತು, ಬೆವರಿನಿಂದ ದಿಂಬು ನೆನೆದಿತ್ತು. ಡಾಕ್ಟರರು ಓಡಿಬಂದರು, ಬೆಳಗಾಗುವ ಮೊದಲೇ ಮತ್ತೆ ಥಿಯೇಟರಿಗೆ ಒಯ್ದು ಒಳಗಿನ ರಕ್ತಸ್ರಾವ ನಿಲ್ಲಿಸಿದರು, ಅವರು ಬದುಕಿದರು. ಆ ಡಾಕ್ಟರರ ಕೈಗುಣ ನಿಜಕ್ಕೂ ದೊಡ್ಡದು. ಆದರೆ ಆ ಮೂರು ಗಂಟೆಗಳನ್ನು ನಾನು ಈವರೆಗೂ ಮರೆತಿಲ್ಲ. ಅವರು ಬದುಕದೇ ಹೋಗಿದ್ದರೆ ಕೇಸ್ ಶೀಟಿನಲ್ಲಿ ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವ ಎಂದಿರುತ್ತಿತ್ತು; ವಾರ್ಡಿನಲ್ಲಿ ಇಬ್ಬರೇ ಇದ್ದರು ಎಂದು ಎಲ್ಲಿಯೂ ಇರುತ್ತಿರಲಿಲ್ಲ.

ಪೆನ್ಸಿಲ್ವೇನಿಯಾದ ಅಧ್ಯಯನಕ್ಕೆ ಒಂದು ನ್ಯಾಯವಾದ ಆಕ್ಷೇಪಣೆ ಇದೆ, ನಿಮ್ಮ ಆಡಳಿತದವರೂ ಅದನ್ನು ಎತ್ತಬಹುದು. ಹೆಚ್ಚು ನರ್ಸ್‌ಗಳನ್ನು ಇಟ್ಟುಕೊಳ್ಳುವ ಆಸ್ಪತ್ರೆ ಉಳಿದ ವಿಷಯಗಳಲ್ಲೂ ಅನುಕೂಲಸ್ಥ ಆಸ್ಪತ್ರೆಯಾಗಿರಬಹುದು. ಅಲ್ಲಿ ಯಂತ್ರಗಳು ಚೆನ್ನಾಗಿರಬಹುದು, ಡಾಕ್ಟರರು ಹೆಚ್ಚಿರಬಹುದು. ಹಾಗಿದ್ದ ಮೇಲೆ ಸಾವು ಕಡಿಮೆಯಾದದ್ದು ನರ್ಸ್‌ಗಳಿಂದಲೇ ಎನ್ನುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಪೀಟರ್ ಗ್ರಿಫಿತ್ಸ್ ಮತ್ತು ಸಂಗಡಿಗರು. ಅವರು ಆಸ್ಪತ್ರೆಗಳನ್ನು ಒಂದಕ್ಕೊಂದು ಹೋಲಿಸುವುದನ್ನು ಬಿಟ್ಟು, ಒಂದೇ ಆಸ್ಪತ್ರೆಯ 32 ವಾರ್ಡುಗಳಲ್ಲಿ ಮೂರು ವರ್ಷಗಳ ಅವಧಿಯಲ್ಲಿ ದಾಖಲಾದ 1,38,133 ರೋಗಿಗಳನ್ನು ದಿನದಿನದ ಡ್ಯೂಟಿ ಪಟ್ಟಿಯೊಂದಿಗೆ ಹೋಲಿಸಿದರು. ಅದೇ ಕಟ್ಟಡ, ಅದೇ ಡಾಕ್ಟರರು, ಅದೇ ಯಂತ್ರಗಳು. ದಾಖಲಾದ ಮೊದಲ ಐದು ದಿನಗಳಲ್ಲಿ, ಆ ವಾರ್ಡಿನ ಸರಾಸರಿಗಿಂತ ಕಡಿಮೆ ನೋಂದಾಯಿತ ನರ್ಸ್‌ಗಳಿದ್ದ ಪ್ರತಿ ದಿನಕ್ಕೆ ರೋಗಿ ಸಾಯುವ ಅಪಾಯ ಶೇ 3ರಷ್ಟು ಏರಿತ್ತು. ನಮ್ಮ ಆಡಳಿತಗಾರರಿಗೆ ತೋರಿಸಲು ಒಂದೇ ಅಧ್ಯಯನವನ್ನು ಆರಿಸಿ ಎಂದರೆ ನಾನು ಆರಿಸುವುದು ಇದನ್ನೇ.

ಖರ್ಚಿನ ಮಾತಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಅನುಭವ ಉತ್ತರವಾಗುತ್ತದೆ. ಅಲ್ಲಿನ ಸರ್ಕಾರ 2016ರಲ್ಲಿ 27 ಸಾರ್ವಜನಿಕ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಿಗೆ ಹಗಲಿನ ಪಾಳಿಗಳಲ್ಲಿ ನಾಲ್ಕು ರೋಗಿಗಳಿಗೆ ಒಬ್ಬರು, ರಾತ್ರಿ ಏಳು ರೋಗಿಗಳಿಗೆ ಒಬ್ಬರು ಎಂಬ ಕನಿಷ್ಠ ಪ್ರಮಾಣವನ್ನು ಕಾನೂನಿನ ಮೂಲಕ ಜಾರಿಗೆ ತಂದಿತು. ನಿಯಮ ಅನ್ವಯವಾಗದ 28 ಆಸ್ಪತ್ರೆಗಳೊಂದಿಗೆ ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗಿಗಳು ಬೇಗ ಮನೆಗೆ ಹೋದದ್ದರಿಂದ ಮತ್ತು ಮರುದಾಖಲಾತಿ ತಪ್ಪಿದ್ದರಿಂದ ಆದ ಉಳಿತಾಯವು ಹೆಚ್ಚುವರಿ ನರ್ಸ್‌ಗಳಿಗೆ ತಗಲಿದ ವೆಚ್ಚದ ಎರಡರಷ್ಟಕ್ಕಿಂತ ಹೆಚ್ಚಾಗಿತ್ತು. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಸರ್ಕಾರವೇ ವೆಚ್ಚ ಭರಿಸುವ ಆಸ್ಪತ್ರೆಗೆ ಹಾಸಿಗೆ ಬೇಗ ಖಾಲಿಯಾದರೆ ಲಾಭ. ಹಾಸಿಗೆಯ ಬಾಡಿಗೆಯಿಂದ ನಡೆಯುವ ಖಾಸಗಿ ಆಸ್ಪತ್ರೆಯಲ್ಲಿ ಆ ಉಳಿತಾಯ ರೋಗಿಯ ಜೇಬಿಗೆ ಹೋಗುತ್ತದೆ, ಆಸ್ಪತ್ರೆಯ ತಿಜೋರಿಗಲ್ಲ. ಆದ್ದರಿಂದಲೇ ಇಂಥ ಪ್ರಮಾಣವನ್ನು ಒಂದೊಂದು ಆಸ್ಪತ್ರೆಯ ವಿವೇಚನೆಗೆ ಬಿಡದೆ ಕಾನೂನೇ ನಿಗದಿ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಖಾಸಗಿ ಆಸ್ಪತ್ರೆಗಳಿಗೂ ಅಂಥ ನಿಯಮವಿದೆ.

ನಮ್ಮಲ್ಲೂ ಮಾನದಂಡಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಹಾಸಿಗೆಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ಹಾಸಿಗೆಗಳಿಗೆ ಒಬ್ಬರು, ಇದರ ಮೇಲೆ ರಜೆಗಾಗಿ ಶೇ 30 ಮೀಸಲು. ಕಾಗದದ ಮೇಲೆ ಇದು ಕ್ವೀನ್ಸ್‌ಲ್ಯಾಂಡಿಗೆ ಹತ್ತಿರದಲ್ಲಿದೆ. ಆದರೆ ಈ ಪ್ರಮಾಣವನ್ನು ಪಾಳಿಗೆ ಎಂದು ಓದುವುದೋ ಒಟ್ಟು ಹುದ್ದೆಗಳಿಗೆ ಎಂದು ಓದುವುದೋ ಎಂಬುದರಲ್ಲಿ ಇಡೀ ವಿಷಯ ಅಡಗಿದೆ. ನಿಮ್ಮ ವಾರ್ಡಿನ ಲೆಕ್ಕವನ್ನೇ ಹಾಕಿ. 30 ಹಾಸಿಗೆಗಳಿಗೆ 1:5 ಎಂದರೆ ಆರು ನರ್ಸ್‌ಗಳು. ಪ್ರತಿ ಪಾಳಿಗೆ ಆರು ಎಂದಾದರೆ ದಿನಕ್ಕೆ ಹದಿನೆಂಟು ಜನ ಡ್ಯೂಟಿಯಲ್ಲಿರಬೇಕು. ವಾರದ ರಜೆ, ಹಬ್ಬದ ರಜೆ, ಹೆರಿಗೆ ರಜೆ ಎಲ್ಲವನ್ನೂ ಸರಿದೂಗಿಸಲು ಸುಮಾರು 24 ಹುದ್ದೆಗಳು ಬೇಕು. ಅದನ್ನೇ ಒಟ್ಟು ಆರು ಹುದ್ದೆ ಎಂದು ಓದಿಕೊಂಡರೆ, ಮೂರು ಪಾಳಿಗೆ ಹಂಚಿದಾಗ ಪಾಳಿಗೆ ಇಬ್ಬರು. ಒಬ್ಬರಿಗೆ ಜ್ವರ ಬಂದರೆ ಒಬ್ಬರೇ. ನಿಮ್ಮ ಆಸ್ಪತ್ರೆಯವರು ‘ನಾವು ನಿಯಮದ ಪ್ರಕಾರವೇ ಇದ್ದೇವೆ’ ಎಂದು ಹೇಳಿದರೆ ಆಶ್ಚರ್ಯಪಡಬೇಡಿ. ಎರಡನೆಯ ರೀತಿಯಲ್ಲಿ ಓದಿದರೆ ಅದು ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಇನ್ನು ಮುಂದೆ ಚರ್ಚೆಗೆ ಕೂತಾಗ ‘ಎಷ್ಟು ನರ್ಸ್‌ಗಳಿದ್ದಾರೆ’ ಎಂಬ ಪ್ರಶ್ನೆಯನ್ನು ಬಿಟ್ಟು, ‘ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಎಷ್ಟು ಜನ ನಿಂತಿದ್ದಾರೆ’ ಎಂದೇ ಕೇಳಿ.

ಈಗ ನಿಮ್ಮ ವಿದ್ಯಾಭ್ಯಾಸದ ಪ್ರಶ್ನೆ. ಐಕನ್ ತಂಡವೇ 2003ರಲ್ಲಿ ಅದೇ ಮಾಹಿತಿಯನ್ನು ಬಳಸಿ, ನರ್ಸ್‌ಗಳಲ್ಲಿ ಪದವೀಧರರ ಪಾಲು ಶೇ 10ರಷ್ಟು ಹೆಚ್ಚಿದರೆ ರೋಗಿ ಸಾಯುವ ಸಂಭವ ಶೇ 5ರಷ್ಟು ಇಳಿಯುತ್ತದೆ ಎಂದು ತೋರಿಸಿತು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳನ್ನು ಒಳಗೊಂಡು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಇಳಿಕೆ ಶೇ 7. ಈ ಅಂಕಿಗಳನ್ನು ಹಿಡಿದು ‘ಜಿ.ಎನ್.ಎಂ. ಓದಿದವರಿಂದ ರೋಗಿಗೆ ಅಪಾಯ’ ಎಂದು ಯಾರಾದರೂ ಹೇಳಿದರೆ ಅದು ತಪ್ಪು ಓದು. ಮೊದಲನೆಯದಾಗಿ, ಇವು ಇಡೀ ಆಸ್ಪತ್ರೆಯ ಸರಾಸರಿಗಳು. ಒಬ್ಬೊಬ್ಬ ನರ್ಸಿನ ಯೋಗ್ಯತೆಯನ್ನು ಇವು ಅಳೆದಿಲ್ಲ. ಅಲ್ಲದೆ, ಅಲ್ಲಿನ ಪದವಿ ಮತ್ತು ಇಲ್ಲಿನ ಪದವಿ ಒಂದೇ ಬಗೆಯ ಕಲಿಕೆಯಲ್ಲ. ನಮ್ಮ ನಾಲ್ಕು ವರ್ಷದ ಬಿ.ಎಸ್ಸಿ.ಗೂ ಮೂರು ವರ್ಷದ ಜಿ.ಎನ್.ಎಂ.ಗೂ ಪಠ್ಯದಲ್ಲಿ ವ್ಯತ್ಯಾಸವಿದೆ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಪದವಿಯಲ್ಲಿ ಹೆಚ್ಚು. ಆದರೆ ವಿದ್ಯಾರ್ಥಿ ರೋಗಿಯ ಪಕ್ಕದಲ್ಲಿ ಕಳೆದ ಗಂಟೆಗಳೇ ಕಡಿಮೆಯಾದರೆ ಆ ಪಠ್ಯ ಕೈಗೆ ಇಳಿಯುವುದಿಲ್ಲ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಹೇರಳವಾಗಿವೆ, ಹೊರರಾಜ್ಯಗಳಿಂದಲೂ ಮಕ್ಕಳು ಬಂದು ಸೇರುತ್ತಾರೆ. ಕ್ಲಿನಿಕಲ್ ಪೋಸ್ಟಿಂಗ್ ಎಂದು ಒಂದೇ ವಾರ್ಡಿಗೆ ಮೂರು ಕಾಲೇಜುಗಳ ವಿದ್ಯಾರ್ಥಿಗಳು ಬಂದು, ಒಬ್ಬ ರೋಗಿಯ ಸುತ್ತ ಹನ್ನೆರಡು ಜನ ನಿಂತು, ಬಿ.ಪಿ. ನೋಡುವ ಸರದಿ ಬರುವ ಮೊದಲೇ ಬಸ್ಸಿನ ಸಮಯವಾಯಿತೆಂದು ಹೊರಟುಹೋಗುವುದನ್ನು ನಾನೇ ಕಂಡಿದ್ದೇನೆ. ಆ ಮಕ್ಕಳಿಗೆ ಆಗುವ ಅನ್ಯಾಯ ನನ್ನನ್ನು ಇಂದಿಗೂ ಕಾಡುತ್ತದೆ.

ನೀವು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಸೇರುವ ನಿರ್ಧಾರವನ್ನು ಮನಸಾರೆ ಒಪ್ಪುತ್ತೇನೆ. ನಿಮ್ಮ 11 ವರ್ಷದ ಅನುಭವ ಅದರಿಂದ ರದ್ದಾಗುವುದಿಲ್ಲ. ಇಷ್ಟು ದಿನ ಕಣ್ಣಿಗೆ ಬಿದ್ದದ್ದನ್ನು ಪ್ರಶ್ನೆಯಾಗಿ ಕೇಳುವ, ಅಂಕಿಯಾಗಿ ತೋರಿಸುವ ಬಲ ಅದಕ್ಕೆ ಸೇರುತ್ತದೆ. ಸಂಬಳದ ವಿಷಯದಲ್ಲಿ ಒಂದು ಮಾತು ನಿಮಗೆ ತಿಳಿದಿರಲಿ. ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗಳ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಅದನ್ನು ಜಾರಿಗೊಳಿಸುವುದು ರಾಜ್ಯಗಳಿಗೆ ಬಿಟ್ಟದ್ದು. ನೆರೆಯ ಕೇರಳ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆಯನ್ನೇ ಹೊರಡಿಸಿತು.

ಕೊನೆಯದಾಗಿ ನಿಮ್ಮ ಅಧ್ಯಯನ. ಮಾಡಬಹುದು, ಮಾಡಲೇಬೇಕು. ಆದರೆ ಸಾವನ್ನು ಅಳೆಯಲು ಹೊರಡಬೇಡಿ. ಒಂದು ವಾರ್ಡಿನಲ್ಲಿ ಮೂರು ತಿಂಗಳಲ್ಲಿ ಆಗುವ ಸಾವುಗಳು ಬೆರಳೆಣಿಕೆಯಷ್ಟು. ಅಷ್ಟರಿಂದ ಏನನ್ನೂ ಸಾಬೀತುಪಡಿಸಲಾಗದು, ಮೇಲಾಗಿ ಅದು ದೂಷಣೆಯಂತೆ ಕಾಣುತ್ತದೆ. ನೀವು ಅಳೆಯಬೇಕಾದದ್ದು ಮಾಡಲಾಗದೆ ಉಳಿದುಹೋದ ಕೆಲಸವನ್ನು. ಮಿಷಿಗನ್ ವಿಶ್ವವಿದ್ಯಾಲಯದ ಬಿಯಾಟ್ರಿಸ್ ಕ್ಯಾಲಿಶ್ 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನರ್ಸ್‌ಗಳನ್ನು ಕೂರಿಸಿಕೊಂಡು ಮಾತನಾಡಿಸಿದಾಗ ಅವರೆಲ್ಲ ಹೇಳಿದ್ದು ಹೆಚ್ಚುಕಡಿಮೆ ಒಂದೇ ಪಟ್ಟಿ: ರೋಗಿಯನ್ನು ನಡೆದಾಡಿಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಊಟ ಮಾಡಿಸುವುದು, ಬಾಯಿ ಮತ್ತು ಮೈ ಶುಚಿ, ನೀರು-ಮೂತ್ರದ ಲೆಕ್ಕ, ಮನೆಗೆ ಹೋಗುವ ಮುನ್ನ ತಿಳಿಹೇಳುವುದು, ಧೈರ್ಯದ ನಾಲ್ಕು ಮಾತು. ಇಂಗ್ಲೆಂಡಿನಲ್ಲಿ 46 ಆಸ್ಪತ್ರೆಗಳ ನರ್ಸ್‌ಗಳನ್ನು ಕೇಳಿದಾಗ ಶೇ 86ರಷ್ಟು ಜನ ತಮ್ಮ ಹಿಂದಿನ ಪಾಳಿಯಲ್ಲಿ ಒಂದಾದರೂ ಅಗತ್ಯ ಕೆಲಸ ಸಮಯ ಸಾಲದೆ ಉಳಿದುಹೋಯಿತೆಂದರು. ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋದದ್ದು ರೋಗಿಯೊಂದಿಗೆ ಕೂತು ಮಾತನಾಡುವುದು. ನಮ್ಮಲ್ಲಿ ಈ ಪಟ್ಟಿಯ ಅರ್ಧವನ್ನು ರೋಗಿಯ ಕಡೆಯವರು, ಅಂದರೆ ನೆಲದ ಮೇಲೆ ಚಾಪೆ ಹಾಸಿ ಮಲಗುವ ಹೆಂಡತಿಯೋ ಮಗನೋ, ಮಾಡಿ ಮುಗಿಸುತ್ತಾರೆ. ಆದ್ದರಿಂದ ನಿಮ್ಮ ಹಾಳೆಯಲ್ಲಿ ‘ಆಯಿತೇ’ ಎಂಬುದರ ಜೊತೆಗೆ ‘ಯಾರು ಮಾಡಿದರು’ ಎಂಬ ಅಂಕಣವೂ ಇರಬೇಕು. ಹೊರದೇಶದ ಪ್ರಶ್ನಾವಳಿಯನ್ನು ಹಾಗೆಯೇ ಬಳಸಿದರೆ ಇದು ತಪ್ಪಿಹೋಗುತ್ತದೆ.

ಮಗ್ಗುಲು ಬದಲಿಸುವುದನ್ನು ಕುರಿತು ಒಂದು ಮಾತು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ಆಸ್ಪತ್ರೆಯೊಳಗೇ ಹಲ್ಲೆಗೆ ಗುರಿಯಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರ ವಿಷಯದಲ್ಲಿ 2011ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಅಂಶವೆಂದರೆ, ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗಿರಲಿಲ್ಲ ಎಂಬುದು. ಅದು ತಲೆಮಾರುಗಳ ನರ್ಸ್‌ಗಳು ಸರದಿಯಂತೆ ಮಗ್ಗುಲು ಬದಲಿಸಿದ್ದರ ಫಲ. ಏನೂ ಆಗದಿರುವುದೇ ನಮ್ಮ ಕೆಲಸದ ಗುರುತಾದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಅಧ್ಯಯನದಲ್ಲಿ ಹಾಸಿಗೆ ಹುಣ್ಣು, ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿದ ಜಾಗದ ಊತ, ಬಿದ್ದವರ ಸಂಖ್ಯೆ, ಆ್ಯಂಟಿಬಯೋಟಿಕ್ ಡೋಸ್ ಒಂದು ಗಂಟೆಗಿಂತ ತಡವಾದದ್ದು ಈ ನಾಲ್ಕನ್ನು ಇಟ್ಟುಕೊಂಡರೆ ಸಾಕು.

ಪ್ರತಿ ಪಾಳಿಯ ಕೊನೆಗೆ, ಹ್ಯಾಂಡೋವರ್ ಕೊಡುವ ಮುನ್ನ, ಒಂದು ಸಾಲು ಬರೆಯಿರಿ: ಇದ್ದ ನರ್ಸ್‌ಗಳು, ಇದ್ದ ರೋಗಿಗಳು, ಹೊಸದಾಗಿ ಬಂದವರು, ಮನೆಗೆ ಹೋದವರು, ಥಿಯೇಟರಿನಿಂದ ಮರಳಿದವರು. ಬಂದುಹೋದವರ ಲೆಕ್ಕ ಮುಖ್ಯ, ಏಕೆಂದರೆ ಮಧ್ಯರಾತ್ರಿಯ ಸೆನ್ಸಸ್‌ನಲ್ಲಿ, ಅಂದರೆ ರೋಗಿಗಳ ಎಣಿಕೆಯಲ್ಲಿ, 28 ಎಂದಿರುವ ವಾರ್ಡಿನಲ್ಲಿ ಆ ದಿನ 39 ಜನರ ಕೆಲಸ ನಡೆದಿರಬಹುದು. ಡ್ಯೂಟಿ ಎಷ್ಟು ಗಂಟೆಗೆ ಮುಗಿಯಬೇಕಿತ್ತು, ನಿಜಕ್ಕೂ ಎಷ್ಟು ಗಂಟೆಗೆ ಮುಗಿಯಿತು ಎಂಬುದನ್ನೂ ಸೇರಿಸಿ. ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಿದ ಪಾಳಿಗಳಲ್ಲಿ ನರ್ಸ್‌ಗಳಿಂದ ತಪ್ಪಾಗುವ ಸಂಭವ ಮೂರು ಪಟ್ಟು ಎಂದು ಅಮೆರಿಕದಲ್ಲಿ 2004ರಲ್ಲೇ ಕಂಡುಬಂದಿದೆ. ಸಹೋದ್ಯೋಗಿಗಳ ಮನಸ್ಸಿನ ದಣಿವನ್ನು ಕೇಳುವುದಾದರೆ ಪ್ರಶ್ನೆಗಳು ಕನ್ನಡದಲ್ಲಿರಲಿ, ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಂದು ತಾಳೆ ನೋಡಲಿ. ನನ್ನ ವಿದ್ಯಾರ್ಥಿನಿಯೊಬ್ಬಳು ‘ಬರ್ನ್‌ಔಟ್’ ಪದವನ್ನು ನಿಘಂಟು ನೋಡಿ ಅನುವಾದಿಸಿಕೊಂಡು ಹೋದಾಗ ವಾರ್ಡಿನ ಸಿಸ್ಟರುಗಳಿಗೆ ಅರ್ಥವೇ ಆಗಲಿಲ್ಲ; ‘ಡ್ಯೂಟಿ ಮುಗಿಯುವ ಹೊತ್ತಿಗೆ ಜೀವ ಸಾಕುಸಾಕಾಗಿ ಹೋಗಿರುತ್ತದೆಯೇ, ವಾರದಲ್ಲಿ ಎಷ್ಟು ದಿನ ಹಾಗಾಗುತ್ತದೆ’ ಎಂದು ತಿದ್ದಿ ಕೇಳಿದಾಗ ಪೆನ್ನು ಎತ್ತದೆ ಬರೆದುಕೊಟ್ಟರು. ತುಂಬಿದ ಹಾಳೆಗಳನ್ನು ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಡಿಸಬೇಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹಾಕಿಸಿ. ಇಲ್ಲದಿದ್ದರೆ ಯಾರೂ ನಿಜ ಬರೆಯುವುದಿಲ್ಲ.

ಇದೆಲ್ಲಕ್ಕೂ ಮೊದಲು ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ನಿಮ್ಮ ಆಸ್ಪತ್ರೆಯಲ್ಲಿ ಸಮಿತಿ ಇಲ್ಲದಿದ್ದರೆ ನೀವು ಸೇರುವ ಕಾಲೇಜಿನ ಮೂಲಕ ಅರ್ಜಿ ಹಾಕಿ, ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ಜೊತೆಗಿಡಿ. ಅರ್ಜಿಯಲ್ಲಿ ‘ನರ್ಸ್‌ಗಳ ಕೊರತೆ’ ಎಂದು ಶೀರ್ಷಿಕೆ ಕೊಡಬೇಡಿ. ‘ಸರ್ಜಿಕಲ್ ವಾರ್ಡಿನಲ್ಲಿ ಪಾಳಿವಾರು ಕೆಲಸದ ಹೊರೆ ಮತ್ತು ಆರೈಕೆಯ ಗುಣಮಟ್ಟ’ ಎಂದಿದ್ದರೆ ಒಪ್ಪಿಗೆ ಸುಲಭ, ಮತ್ತು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಹೊರಟಿಲ್ಲ ಎಂಬ ಪ್ರಾಮಾಣಿಕತೆಯೂ ಅದರಲ್ಲಿರುತ್ತದೆ. ಅನುಮತಿ ಸಿಕ್ಕಿ ಮೊದಲ ತಿಂಗಳ ಹಾಳೆಗಳು ತುಂಬಿದ ಮೇಲೆ ನನಗೆ ಕಳುಹಿಸಿದರೆ ಕೋಷ್ಟಕ ಮಾಡುವುದನ್ನು ಜೊತೆಗೆ ಕೂತು ತೋರಿಸಿಕೊಡುತ್ತೇನೆ. ಕಳುಹಿಸುವ ಮುನ್ನ ರೋಗಿಗಳ ಹೆಸರನ್ನೂ ಐ.ಪಿ. (ಒಳರೋಗಿ) ನಂಬರನ್ನೂ ತಪ್ಪದೆ ತೆಗೆದುಹಾಕಿ, ಪಾಳಿಯ ದಿನಾಂಕ ಮಾತ್ರ ಉಳಿದಿರಲಿ.